ಚಳಿಗಾಲದಲ್ಲಿ ಕಟ್ಟುವ ತಂಡ

ಇಂಗ್ಲೆಂಡಿನ ಕೌಂಟಿ ಚಾಂಪಿಯನ್‌ಷಿಪ್ ಸೆಪ್ಟೆಂಬರ್ ಕೊನೆಗೆ ಮುಗಿದರೆ ಮತ್ತೆ ಶುರುವಾಗುವುದು ಏಪ್ರಿಲ್‌ನಲ್ಲಿ. ನಡುವಿನ ಆರು ತಿಂಗಳು ಮೈದಾನಗಳು ಖಾಲಿ ಇರುತ್ತವೆ, ಹದಿನೆಂಟು ಕೌಂಟಿಗಳ ಕಚೇರಿಗಳು ಮಾತ್ರ ಬಿಡುವಿಲ್ಲದೆ ಕೆಲಸ ಮಾಡುತ್ತವೆ. ಯಾರ ಒಪ್ಪಂದ ಮುಂದುವರಿಸಬೇಕು, ಯಾರನ್ನು ಬಿಡಬೇಕು, ಪಕ್ಕದ ಕೌಂಟಿಯಲ್ಲಿ ಅವಕಾಶ ಸಿಗದೆ ಕೂತಿರುವ ಯಾರನ್ನು ಕರೆತರಬೇಕು, ವಿದೇಶಿ ಆಟಗಾರನ ಜಾಗ ವೇಗಿಗೋ ಬ್ಯಾಟ್ಸ್‌ಮನ್‌ಗೋ ಎಂಬುದೆಲ್ಲ ತೀರ್ಮಾನವಾಗುವುದು ಆಗಲೇ. ಒಂದೂವರೆ ಶತಮಾನದಲ್ಲಿ ಇದರ ನಿಯಮಗಳು ಎಷ್ಟೋ ಸಲ ಬದಲಾಗಿವೆ. ಅವನ್ನೆಲ್ಲ ಸಾಲಾಗಿ ನೋಡುತ್ತ ಬಂದರೆ ನನಗೆ ಕಾಣುವುದು ಇದು: ಆಟಗಾರ ಎಲ್ಲಿಯವನು ಎಂದು ಮೊದಲು ಕೇಳುತ್ತಿದ್ದರು, ಈಗ ಎಷ್ಟು ದಿನ ಸಿಗುತ್ತಾನೆ ಎಂದು ಕೇಳುತ್ತಾರೆ.

ಆರಂಭದಲ್ಲಿ ನಿಯಮವೇ ಇರಲಿಲ್ಲ. ಸ್ಪಿನ್ನರ್ ಜೇಮ್ಸ್ ಸದರ್ಟನ್ 1867ರಲ್ಲಿ ಸರ್ರೆ, ಸಸೆಕ್ಸ್, ಹ್ಯಾಂಪ್‌ಷೈರ್ ಮೂರಕ್ಕೂ ಆಡಿದರು. ಮುಂದೆ 1877ರ ಮೊಟ್ಟಮೊದಲ ಟೆಸ್ಟ್‌ನಲ್ಲಿ 49ನೇ ವಯಸ್ಸಿಗೆ ಪದಾರ್ಪಣೆ ಮಾಡಿದವರು ಇವರೇ. ಈ ಓಡಾಟಕ್ಕೆ ತಡೆ ಬಿದ್ದದ್ದು 1873ರಲ್ಲಿ. ಒಂದು ಋತುವಿಗೆ ಒಂದೇ ಕೌಂಟಿ. ಅದೂ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಎರಡು ವರ್ಷ ನೆಲೆಸಿರಬೇಕು. ಇದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು ಎಂಬುದಕ್ಕೆ ವಾಲಿ ಹ್ಯಾಮಂಡ್ ಪ್ರಸಂಗ ಸಾಕ್ಷಿ. ಗ್ಲಾಸ್ಟರ್‌ಷೈರ್ ನಾಡಿನಲ್ಲಿ ಓದಿ ಅದೇ ತಂಡ ಸೇರಿದ ಹುಡುಗ ಹುಟ್ಟಿದ್ದು ಮಾತ್ರ ಕೆಂಟ್‌ನ ಡೋವರ್‌ನಲ್ಲಿ. ಕೆಂಟ್‌ನ ಲಾರ್ಡ್ ಹ್ಯಾರಿಸ್ ತಕರಾರು ತೆಗೆದರು, 1922ರಲ್ಲಿ ಹ್ಯಾಮಂಡ್ ಹೊರಗೆ ಕೂರಬೇಕಾಯಿತು. ಇಂಗ್ಲೆಂಡ್ ಕಂಡ ಮಹಾನ್ ಬ್ಯಾಟ್ಸ್‌ಮನ್‌ಗಳಲ್ಲಿ ಒಬ್ಬನ ಒಂದು ಬೇಸಿಗೆ ಜನ್ಮಸ್ಥಳದ ಜಗಳದಲ್ಲಿ ಕಳೆದುಹೋಯಿತು.

ಈ ನಿಷ್ಠೆಯನ್ನು ಧರ್ಮದಂತೆ ಪಾಲಿಸಿದ ಕೌಂಟಿ ಯಾರ್ಕ್‌ಷೈರ್. ಆ ನೆಲದಲ್ಲಿ ಹುಟ್ಟದವನಿಗೆ ಅಲ್ಲಿ ಜಾಗವಿರಲಿಲ್ಲ, ಆದರೂ ಆ ತಂಡವನ್ನು ಕಟ್ಟಿದ ನಾಯಕ ಲಾರ್ಡ್ ಹಾಕ್ ಹುಟ್ಟಿದ್ದು ಲಿಂಕನ್‌ಷೈರ್‌ನಲ್ಲಿ. ಬೇಸಿಗೆ ಮುಗಿದ ಮೇಲೆ ಸಂಬಳವಿಲ್ಲದೆ ಬೇರೆ ಕೂಲಿ ಹುಡುಕಬೇಕಿದ್ದ ವೃತ್ತಿಪರ ಆಟಗಾರರಿಗೆ ಚಳಿಗಾಲದಲ್ಲೂ ಹಣ ಕೊಡುವ ಪದ್ಧತಿ ತಂದವರು ಅವರು. ಆ ಉಪಕಾರಕ್ಕೆ ನನ್ನ ಗೌರವವಿದೆ. ಅದೇ ಕ್ಲಬ್ 1968ರಲ್ಲಿ ರೇ ಇಲ್ಲಿಂಗ್‌ವರ್ತ್ ವರ್ಷಕ್ಕೊಮ್ಮೆಯ ಒಪ್ಪಂದ ಬೇಡ, ದೀರ್ಘಾವಧಿಯದು ಬೇಕು ಎಂದಾಗ ಒಪ್ಪಲಿಲ್ಲ. ಅವರು ಲೆಸ್ಟರ್‌ಷೈರ್‌ಗೆ ನಾಯಕರಾಗಿ ಹೋದರು, ಮರುವರ್ಷವೇ ಇಂಗ್ಲೆಂಡ್ ನಾಯಕರಾದರು, 1975ರಲ್ಲಿ ಲೆಸ್ಟರ್‌ಷೈರ್‌ಗೆ ಮೊದಲ ಚಾಂಪಿಯನ್‌ಷಿಪ್ ತಂದುಕೊಟ್ಟರು. ಯಾರ್ಕ್‌ಷೈರ್ 1970ರಲ್ಲಿ ಕೈಬಿಟ್ಟ ಬ್ರಯಾನ್ ಕ್ಲೋಸ್ ಸಾಮರ್‌ಸೆಟ್‌ಗೆ ಹೋಗಿ ಅಲ್ಲಿನ ಹುಡುಗರಿಗೆ ಗೆಲ್ಲುವ ಹಟ ಕಲಿಸಿದರು. ಆ ಹುಡುಗರಲ್ಲಿ ಬಾಥಮ್ ಮತ್ತು ವಿವ್ ರಿಚರ್ಡ್ಸ್ ಇದ್ದರು.

1968 ಇನ್ನೊಂದು ಕಾರಣಕ್ಕೂ ದೊಡ್ಡ ವರ್ಷ. ನೆಲೆಸುವ ಅವಧಿಗೆ ಕಾಯದೆ ಒಬ್ಬ ವಿದೇಶಿಯನ್ನು ನೇರ ನೋಂದಾಯಿಸಿಕೊಳ್ಳಲು ಕೌಂಟಿಗಳಿಗೆ ಆಗ ಅನುಮತಿ ಸಿಕ್ಕಿತು. ಗ್ಯಾರಿ ಸೋಬರ್ಸ್ ನಾಟಿಂಗ್‌ಹ್ಯಾಮ್‌ಷೈರ್ ಸೇರಿ ಆ ಆಗಸ್ಟ್‌ನಲ್ಲೇ ಸ್ವಾನ್ಸಿಯಲ್ಲಿ ಮಾಲ್ಕಮ್ ನ್ಯಾಷ್ ಅವರ ಓವರಿನ ಆರೂ ಎಸೆತಗಳನ್ನು ಸಿಕ್ಸರ್‌ಗೆ ಎತ್ತಿದರು. ನಮ್ಮ ಫಾರೂಕ್ ಎಂಜಿನಿಯರ್ ಲ್ಯಾಂಕಾಷೈರ್‌ಗೆ ಹೋದರು, ಬ್ಯಾರಿ ರಿಚರ್ಡ್ಸ್ ಹ್ಯಾಂಪ್‌ಷೈರ್‌ಗೆ. ಗ್ಲಾಸ್ಟರ್‌ಷೈರ್ ಸೇರಿದ ಮೈಕ್ ಪ್ರಾಕ್ಟರ್ 1981ರವರೆಗೂ ಅಲ್ಲೇ ಉಳಿದರು. ಆ ಕೌಂಟಿಯನ್ನೇ ಜನ ‘ಪ್ರಾಕ್ಟರ್‌ಷೈರ್’ ಎಂದು ಕರೆದರು. ಮುಂದೆ ಮಾಲ್ಕಮ್ ಮಾರ್ಷಲ್ 1979ರಿಂದ 1993ರವರೆಗೆ ಹ್ಯಾಂಪ್‌ಷೈರ್‌ನವರಾದರು. ಅಲ್ಲಿ ಹುಟ್ಟದವರು ವರ್ಷಗಟ್ಟಲೆ ದುಡಿದು ಅಲ್ಲಿಯವರಾದ ಕಾಲ ಅದು. ಕೌಂಟಿ ಕ್ರಿಕೆಟ್ಟಿನ ಅತ್ಯುತ್ತಮ ಕಾಲ ಅದೇ ಎಂದು ನಾನು ನಂಬಿದ್ದೇನೆ.

ಹಾಗೆ ಬೆಸೆದ ಸಂಬಂಧ ಮುರಿಯುವಾಗಿನ ನೋವು ಎಂಥದೆಂದು 1986ರ ಚಳಿಗಾಲ ತೋರಿಸಿತು. ಸಾಮರ್‌ಸೆಟ್ ಸಮಿತಿ ವಿವ್ ರಿಚರ್ಡ್ಸ್ ಮತ್ತು ಜೋಯೆಲ್ ಗಾರ್ನರ್ ಇಬ್ಬರ ಒಪ್ಪಂದವನ್ನೂ ಮುಂದುವರಿಸದೆ ನ್ಯೂಜಿಲೆಂಡಿನ ಯುವಕ ಮಾರ್ಟಿನ್ ಕ್ರೋ ಅವರನ್ನು ಆರಿಸಿಕೊಂಡಿತು. ಸಮಿತಿಯ ಲೆಕ್ಕದಲ್ಲಿ ತರ್ಕವಿತ್ತು: ತಂಡ ಪಟ್ಟಿಯ ತಳದಲ್ಲಿತ್ತು, ಇಬ್ಬರೂ ಮೂವತ್ತು ದಾಟಿದ್ದರು, ವೆಸ್ಟ್ ಇಂಡೀಸ್ ಇಂಗ್ಲೆಂಡ್ ಪ್ರವಾಸಕ್ಕೆ ಬಂದ ವರ್ಷ ಇಬ್ಬರೂ ಕೌಂಟಿಗೆ ಸಿಗುತ್ತಿರಲಿಲ್ಲ. ಆದರೆ ಅದುವರೆಗೆ ಒಂದು ಕಪ್ಪೂ ಗೆಲ್ಲದಿದ್ದ ಸಾಮರ್‌ಸೆಟ್ 1979ರಿಂದ 1983ರ ನಡುವೆ ಐದು ಏಕದಿನ ಪ್ರಶಸ್ತಿ ಗೆದ್ದದ್ದು ಇವರ ಬಲದಿಂದ. ಗೆಳೆಯರ ಪರ ನಿಂತ ಬಾಥಮ್ ರಾಜೀನಾಮೆಯ ಎಚ್ಚರಿಕೆ ಕೊಟ್ಟರು. ನವೆಂಬರ್‌ನಲ್ಲಿ ಷೆಪ್ಟನ್ ಮ್ಯಾಲೆಟ್‌ನಲ್ಲಿ ಸದಸ್ಯರ ವಿಶೇಷ ಸಭೆ ಸೇರಿತು, ಬಹುಮತ ಸಮಿತಿಯ ಕಡೆಗೆ ಬಿತ್ತು. ಬಾಥಮ್ ವೂಸ್ಟರ್‌ಷೈರ್‌ಗೆ ಹೊರಟರು. ಆ ತಂಡ 1988, 1989ರಲ್ಲಿ ಚಾಂಪಿಯನ್ ಆಯಿತು. ರಿಚರ್ಡ್ಸ್ ಮುಂದೆ ಗ್ಲಾಮೋರ್ಗನ್ ಸೇರಿ 1993ರಲ್ಲಿ ಅವರಿಗೆ ಸಂಡೇ ಲೀಗ್ ಗೆಲ್ಲಿಸಿದರು. ಸಾಮರ್‌ಸೆಟ್‌ಗೆ ಕೌಂಟಿ ಚಾಂಪಿಯನ್‌ಷಿಪ್ 2025ರವರೆಗೂ ಒಲಿದಿಲ್ಲ. ವಯಸ್ಸಿನ ಲೆಕ್ಕ ಸರಿಯಿದ್ದಿರಬಹುದು. ಊರಿಗೆ ಹೆಸರು ತಂದವರನ್ನು ಕಳಿಸಿದ ರೀತಿ ಸರಿಯಿರಲಿಲ್ಲ.

ಯಾರ್ಕ್‌ಷೈರ್ ಕೊನೆಗೂ ಬಾಗಿಲು ತೆರೆದದ್ದು 1992ರಲ್ಲಿ. ಗೊತ್ತುಮಾಡಿದ್ದ ಕ್ರೇಗ್ ಮೆಕ್‌ಡರ್ಮಟ್ ಗಾಯಗೊಂಡು, ಆ ಜಾಗಕ್ಕೆ 19ರ ಸಚಿನ್ ತೆಂಡೂಲ್ಕರ್ ಬಂದು ಸಾವಿರಕ್ಕೂ ಹೆಚ್ಚು ರನ್ ಗಳಿಸಿದರು.

ಕನ್ನಡಿಗರಿಗೆ ಹೆಚ್ಚು ಹತ್ತಿರವಾದ ಬೇಸಿಗೆ ಎಂದರೆ 1995ರದು. ಆ ವರ್ಷ ವೆಸ್ಟ್ ಇಂಡೀಸ್ ಇಂಗ್ಲೆಂಡ್ ಪ್ರವಾಸದಲ್ಲಿತ್ತು. ಹಾಗಾಗಿ ನಾರ್ಥಾಂಪ್ಟನ್‌ಷೈರ್‌ಗೆ ಕರ್ಟ್ಲಿ ಆಂಬ್ರೋಸ್ ಇರಲಿಲ್ಲ, ಗ್ಲಾಸ್ಟರ್‌ಷೈರ್‌ಗೆ ಕೋರ್ಟ್ನಿ ವಾಲ್ಷ್ ಇರಲಿಲ್ಲ. ಆ ಎರಡು ಖಾಲಿ ಜಾಗಗಳಿಗೆ ಬಂದವರು ಅನಿಲ್ ಕುಂಬ್ಳೆ ಮತ್ತು ಜಾವಗಲ್ ಶ್ರೀನಾಥ್. ವೇಗಿಯ ಬದಲಿಗೆ ಲೆಗ್ ಸ್ಪಿನ್ನರ್ ತರುವುದು, ಅದೂ ಏಪ್ರಿಲ್‌ನ ಚಳಿ, ಒದ್ದೆ ಪಿಚ್‌ಗಳ ದೇಶದಲ್ಲಿ, ಧೈರ್ಯದ ಆಯ್ಕೆ. ಕುಂಬ್ಳೆ 105 ವಿಕೆಟ್ ಕಿತ್ತರು, ಆ ಋತುವಿನಲ್ಲಿ ಇಡೀ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು. ಶ್ರೀನಾಥ್ ಪಾಲಿಗೆ 87 ಬಂದವು. ಇಬ್ಬರೂ ಪೂರ್ತಿ ಬೇಸಿಗೆ ಇದ್ದರು, ವಾರದಿಂದ ವಾರಕ್ಕೆ ಊರೂರು ಸುತ್ತಿ ಬೌಲ್ ಮಾಡಿದರು. 2000ದಲ್ಲಿ ರಾಹುಲ್ ದ್ರಾವಿಡ್ ಕೆಂಟ್‌ಗೆ ಹೋದಾಗಲೂ ಅದೇ ಬಗೆ. ಪೋರ್ಟ್ಸ್‌ಮತ್‌ನಲ್ಲಿ ಹ್ಯಾಂಪ್‌ಷೈರ್ ಪರ ಎಸೆಯುತ್ತಿದ್ದ ಷೇನ್ ವಾರ್ನ್ ಎದುರು ಅವರು ಆಡಿದ ಶತಕ ತಾಳ್ಮೆಗೆ ಮಾದರಿ.

ಆಮೇಲಿನ ತಿರುವು ಬಂದದ್ದು ಕ್ರಿಕೆಟ್ಟಿನಿಂದಲ್ಲ, ನ್ಯಾಯಾಲಯದಿಂದ. ಮಾರೋಷ್ ಕೋಲ್ಪಾಕ್ ಎಂಬ ಸ್ಲೊವಾಕಿಯಾದ ಹ್ಯಾಂಡ್‌ಬಾಲ್ ಗೋಲಿಯ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ 2003ರಲ್ಲಿ ಕೊಟ್ಟ ತೀರ್ಪಿನಿಂದ, ಐರೋಪ್ಯ ಒಕ್ಕೂಟದೊಂದಿಗೆ ಒಪ್ಪಂದವಿದ್ದ ದೇಶಗಳವರು ವಿದೇಶಿ ಎನಿಸಿಕೊಳ್ಳದೆ ಕೌಂಟಿ ಆಡಬಹುದಾಯಿತು. 2004ರಲ್ಲಿ ಕ್ಲಾಡ್ ಹೆಂಡರ್ಸನ್ ಲೆಸ್ಟರ್‌ಷೈರ್ ಸೇರಿದ ಮೇಲೆ ದಕ್ಷಿಣ ಆಫ್ರಿಕದವರು ಸಾಲುಗಟ್ಟಿ ಬಂದರು. ಬದಲಿಗೆ ಅವರು ಸ್ವದೇಶದ ಟೆಸ್ಟ್ ಕ್ಯಾಪ್ ಬಿಡಬೇಕಿತ್ತು. ಊರ ಹುಡುಗರ ಜಾಗ ಹೋಯಿತೆಂಬ ದೂರು ಹಲವು ತಂಡಗಳ ಮಟ್ಟಿಗೆ ನಿಜ. ಎಸೆಕ್ಸ್ ಮಾತ್ರ ಈ ದಾರಿಯನ್ನು ಜಾಣತನದಿಂದ ಬಳಸಿತು. ಕುಕ್, ವೆಸ್ಟ್ಲಿ, ಲಾರೆನ್ಸ್, ಪೋರ್ಟರ್ ಮುಂತಾದ ತನ್ನವರ ನಡುವೆ ಕೊರತೆಯಿದ್ದ ಒಂದೇ ಜಾಗಕ್ಕೆ ಆಫ್ ಸ್ಪಿನ್ನರ್ ಸೈಮನ್ ಹಾರ್ಮರ್ ಅವರನ್ನು ತಂದು 2017, 2019ರಲ್ಲಿ ಚಾಂಪಿಯನ್ ಆಯಿತು. 2020ರ ಕೊನೆಗೆ ಬ್ರೆಕ್ಸಿಟ್‌ನೊಂದಿಗೆ ಆ ಬಾಗಿಲು ಮುಚ್ಚಿತು. ಹಾರ್ಮರ್ ಮತ್ತೆ ತಮ್ಮ ದೇಶಕ್ಕೆ ಆಡಿದರು. 2025ರ ನವೆಂಬರ್‌ನಲ್ಲಿ ಭಾರತದ ನೆಲದಲ್ಲೇ ಎರಡು ಟೆಸ್ಟ್‌ಗಳಲ್ಲಿ 17 ವಿಕೆಟ್ ಪಡೆದದ್ದು ನಮಗೆಲ್ಲ ನೆನಪಿದೆ.

ಇಂದಿನ ತಂಡದ ಆಯ್ಕೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಮಾಡುವ ಕೆಲಸ. ಕೇಂದ್ರೀಯ ಒಪ್ಪಂದದ ಟೆಸ್ಟ್ ಆಟಗಾರರು ಕೌಂಟಿಗೆ ಸಿಗುವುದು ಅಪರೂಪ. ಏಪ್ರಿಲ್, ಮೇ ತಿಂಗಳಲ್ಲಿ ಐಪಿಎಲ್ ಒಂದಷ್ಟು ಜನರನ್ನು ಒಯ್ಯುತ್ತದೆ. ಆಗಸ್ಟ್‌ನಲ್ಲಿ ಹಂಡ್ರೆಡ್ ನಡೆಯುವಾಗ ಏಕದಿನ ಕಪ್‌ಗೆ ಎಳೆಯರೇ ಗತಿ. ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಇಬ್ಬರು ವಿದೇಶಿಯರಿಗೆ ಅವಕಾಶವಿದ್ದರೂ ಆ ಇಬ್ಬರು ಯಾರು ಎಂಬುದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಕರುಣ್ ನಾಯರ್ 2023ರ ಸೆಪ್ಟೆಂಬರ್‌ನಲ್ಲಿ ನಾರ್ಥಾಂಪ್ಟನ್‌ಷೈರ್‌ಗೆ ಬಂದದ್ದು ಮೂರೇ ಪಂದ್ಯಗಳಿಗೆ. ಓವಲ್‌ನಲ್ಲಿ ಸರ್ರೆ ವಿರುದ್ಧ 150 ಹೊಡೆದರು, ಅಷ್ಟು ಹೊತ್ತಿಗೆ ತಡವಾಗಿತ್ತು, ತಂಡ ಎರಡನೇ ವಿಭಾಗಕ್ಕೆ ಇಳಿಯಿತು. ಮರುವರ್ಷ ಮತ್ತೆ ಕರೆಸಿದಾಗ ಗ್ಲಾಮೋರ್ಗನ್ ವಿರುದ್ಧ ಅಜೇಯ 202 ಬಾರಿಸಿದರು. ಆ ಇನಿಂಗ್ಸ್‌ಗಳು ಭಾರತ ತಂಡದ ಲೆಕ್ಕದಿಂದ ಹೊರಬಿದ್ದಿದ್ದ ಒಬ್ಬ ಬ್ಯಾಟ್ಸ್‌ಮನ್‌ನನ್ನು ಮತ್ತೆ ಚರ್ಚೆಗೆ ತಂದವು, 2025ರಲ್ಲಿ ಅವರು ಇಂಗ್ಲೆಂಡಿನಲ್ಲೇ ಟೆಸ್ಟ್‌ಗೆ ಮರಳಿದರು. 2025ರ ಸೆಪ್ಟೆಂಬರ್‌ನಲ್ಲಿ ಮಯಂಕ್ ಅಗರ್ವಾಲ್ ಯಾರ್ಕ್‌ಷೈರ್ ಸೇರಿದ್ದೂ ಋತುವಿನ ಕೊನೆಯ ಕೆಲವೇ ಪಂದ್ಯಗಳಿಗೆ.

ಆಟಗಾರರಿಗೆ ಇದರಿಂದ ಲಾಭವಿದೆ, ಅದನ್ನು ಅಲ್ಲಗಳೆಯಲಾರೆ. ನನ್ನ ಕಳವಳ ಕೌಂಟಿಗಳ ಬಗ್ಗೆ. ಮೂರು ಪಂದ್ಯ ಆಡಿ ಹೋಗುವವನು ರನ್ ಕೊಡುತ್ತಾನೆ; ಜೊತೆಯ ಹುಡುಗನಿಗೆ ಹೊಸ ಚೆಂಡು ಬಿಡುವುದನ್ನು ಹೇಳಿಕೊಡಲು ಅವನಿಗೆ ಪುರುಸೊತ್ತೇ ಇರುವುದಿಲ್ಲ. ಹಂಡ್ರೆಡ್ ತಂಡಗಳ ಪಾಲು ಮಾರಾಟದಿಂದ 2025ರಲ್ಲಿ ಕೌಂಟಿಗಳಿಗೆ ದೊಡ್ಡ ಮೊತ್ತ ಬಂದಿದೆ. ಅದರಲ್ಲಿ ಒಂದಿಷ್ಟನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನಿಲ್ಲಲು ಒಪ್ಪುವ ಒಬ್ಬ ಆಟಗಾರನಿಗೆ, ರಾಷ್ಟ್ರೀಯ ತಂಡದ ಕರೆ ಸದ್ಯಕ್ಕಿಲ್ಲದ, ಆಟ ಮಾಗಿದ ಬೌಲರ್‌ನಿಗೋ ಬ್ಯಾಟ್ಸ್‌ಮನ್‌ನಿಗೋ, ಎತ್ತಿಡುವುದು ಸಾಧ್ಯ. ಅಂಥವರು ರಣಜಿ ಆಡುವ ನಮ್ಮಲ್ಲೂ ಇದ್ದಾರೆ, ದಕ್ಷಿಣ ಆಫ್ರಿಕದಲ್ಲೂ ಇದ್ದಾರೆ, ಆಸ್ಟ್ರೇಲಿಯದ ಷೆಫೀಲ್ಡ್ ಷೀಲ್ಡ್ ತಂಡಗಳಲ್ಲೂ ಇದ್ದಾರೆ.