ಗ್ರೀಕರ ನುಡಿಯಲ್ಲಿ ವಚನಗುಪ್ತಿ

ವಚನಗುಪ್ತಿ ಎಂಬ ಶಬ್ದ ಜೈನ ಶ್ರಾವಕರಿಗೆ ಹೊಸದಲ್ಲ. ಮನಸ್ಸು, ವಚನ, ಕಾಯಗಳ ನಿಗ್ರಹವೇ ತ್ರಿಗುಪ್ತಿ. ಕರ್ಮಾಸ್ರವವನ್ನು ತಡೆಯುವ ಸಂವರಕ್ಕೆ ಅದು ಸಾಧನವೆಂದು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ತಿಳಿಸುತ್ತದೆ. ಇದೇ ಭಾವದ ಪ್ರಾಕೃತ ಶಬ್ದವೊಂದು ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಶೋಕನ ಶಾಸನದಲ್ಲಿ ಬಳಕೆಯಾಗಿ, ಗ್ರೀಕ್ ಭಾಷೆಗೂ ಅನುವಾದಗೊಂಡಿತೆಂಬುದು ಮನನಯೋಗ್ಯವಾದ ಸಂಗತಿ.

ಚಂದ್ರಗಿರಿಯಲ್ಲಿ ಸಲ್ಲೇಖನ ಕೈಗೊಂಡನೆಂದು ಜೈನ ಪರಂಪರೆ ಸ್ಮರಿಸುವ ಚಂದ್ರಗುಪ್ತ ಮೌರ್ಯನ ಮೊಮ್ಮಗ ಅಶೋಕ. ಅವನು ಬೌದ್ಧ ಉಪಾಸಕ. ಆದರೂ ಅವನ ಏಳನೆಯ ಸ್ತಂಭಶಾಸನ ಧರ್ಮಮಹಾಮಾತ್ರರ ಕಾರ್ಯವನ್ನು ವಿವರಿಸುವಾಗ ನಿರ್ಗ್ರಂಥರನ್ನೂ ಹೆಸರಿಸುತ್ತದೆ. ಅವನ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಇಂದಿನ ಅಫ್ಘಾನಿಸ್ತಾನದ ಕಂದಹಾರದಲ್ಲಿ, ಗ್ರೀಕ್ ನುಡಿಯುವ ಪ್ರಜೆಗಳಿದ್ದರು. ಅವರಿಗಾಗಿ ಕೆತ್ತಿಸಿದ ಗ್ರೀಕ್ ಮತ್ತು ಅರಮಾಯಿಕ್ ದ್ವಿಭಾಷಾ ಬಂಡೆಶಾಸನ 1958ರಲ್ಲಿ ದೊರೆಯಿತು. ಹನ್ನೆರಡನೆಯ ಶಾಸನದ ಕೊನೆಯನ್ನೂ ಹದಿಮೂರನೆಯದರ ಮೊದಲ ಭಾಗವನ್ನೂ ಒಳಗೊಂಡ ಗ್ರೀಕ್ ಶಿಲಾಫಲಕ 1963ರಲ್ಲಿ ಸಿಕ್ಕಿತು.

ಅನುವಾದಕನ ಮುಂದಿದ್ದ ಮೊದಲ ತೊಡಕು ‘ಧರ್ಮ’. ಧರಿಸು, ಎತ್ತಿಹಿಡಿ ಎಂಬರ್ಥದ ‘ಧೃ’ ಧಾತುವಿನಿಂದ ಬಂದ ಈ ಶಬ್ದಕ್ಕೆ ಅವನು ‘ಯೂಸೆಬೇಯ’ ಎಂಬ ಪದವನ್ನು ಆರಿಸಿದ. ‘ಯೂ’ ಎಂದರೆ ಒಳಿತು. ‘ಸೆಬ್’ ಎಂಬ ಮೂಲದ ಅರ್ಥ ಪೂಜ್ಯಭಾವ. ಅರಮಾಯಿಕ್ ಪಾಠದಲ್ಲಿ ಅದೇ ಸ್ಥಾನದಲ್ಲಿ ‘ಸತ್ಯ’ ಎಂಬರ್ಥದ ಪದವಿದೆ. ಭಾರತೀಯರು ಲೋಕವನ್ನು ಧರಿಸುವುದನ್ನು ಧರ್ಮವೆಂದರೆ, ಗ್ರೀಕನಿಗೆ ಅದು ಭಕ್ತಿಯಾಗಿ ಕಂಡಿತು. ಅರಮಾಯಿಕ್ ಬಲ್ಲವನಿಗೆ ಸತ್ಯವಾಗಿ ಕಂಡಿತು. ಯಾವ ಪದವೂ ಧರ್ಮವನ್ನು ಪೂರ್ಣವಾಗಿ ಹಿಡಿಯಲಿಲ್ಲ. ಯಾವುದೂ ಸುಳ್ಳೂ ಆಗಲಿಲ್ಲ. ಒಂದೇ ವಸ್ತುವನ್ನು ಬೇರೆ ಬೇರೆ ನಯಗಳಿಂದ ನೋಡುವ ಅಭ್ಯಾಸವುಳ್ಳವರಿಗೆ ಇದು ಸುಲಭವಾಗಿ ಅರ್ಥವಾಗುವ ಮಾತು.

ಅಹಿಂಸೆಯ ವಿಷಯದಲ್ಲಿ ಎರಡು ನುಡಿಗಳು ಇನ್ನಷ್ಟು ಸಮೀಪ ಬಂದಿವೆ. ರಾಜನು ಜೀವಿಗಳಿಂದ ದೂರವಿರುತ್ತಾನೆ, ಅವನ ಬೇಟೆಗಾರರೂ ಬೆಸ್ತರೂ ಆ ಕಸುಬನ್ನು ಬಿಟ್ಟಿದ್ದಾರೆ ಎಂದು ದ್ವಿಭಾಷಾ ಶಾಸನ ಹೇಳುತ್ತದೆ. ಜೀವಿಗೆ ಅಲ್ಲಿರುವ ಗ್ರೀಕ್ ಪದ ‘ಎಂಪ್ಸುಖೋನ್’, ಅಂದರೆ ಒಳಗೆ ‘ಪ್ಸುಖೇ’ ಉಳ್ಳದ್ದು. ಆತ್ಮವೆಂದು ರೂಢಿಗೊಂಡ ಈ ಪ್ಸುಖೇ ಮೊದಲು ಉಸಿರಾಗಿತ್ತು. ‘ಪ್ರಾಣ’ ಶಬ್ದದ ‘ಅನ್’ ಧಾತುವಿಗೂ ಉಸಿರಾಡು ಎಂದೇ ಅರ್ಥ. ಮಾಂಸಾಹಾರವನ್ನು ತ್ಯಜಿಸಿದ ಪೈಥಾಗೊರಸ್ ಪಂಥದವರ ವ್ರತವನ್ನು ಗ್ರೀಕರು ಇಂತಹುದೇ ಮಾತಿನಿಂದ ಹೇಳುತ್ತಿದ್ದರು. ಅನುವಾದಕನು ಹೊಸ ಪದವನ್ನು ಸೃಷ್ಟಿಸದೆ, ಓದುಗರ ಮನೆಯಲ್ಲಿಯೇ ಇದ್ದ ಪದವನ್ನು ಎತ್ತಿಕೊಂಡ.

ಹನ್ನೆರಡನೆಯ ಶಾಸನದ ಹುರುಳು ಮತಗಳ ಪರಸ್ಪರ ಗೌರವ. ನೇಮಿನಾಥ ತೀರ್ಥಂಕರರ ನಿರ್ವಾಣಭೂಮಿಯಾದ ಗಿರ್ನಾರಿನ ಬುಡದ ಬಂಡೆಯಲ್ಲೂ ಅದು ಕೆತ್ತಲ್ಪಟ್ಟಿದೆ. ಎಲ್ಲ ಪಂಥಗಳ ಸಾರವೃದ್ಧಿಗೆ ಮೂಲ ವಚಿಗುತಿ, ಅಂದರೆ ನಾಲಗೆಯ ಕಾವಲು ಎಂಬುದು ಅದರ ಅಭಿಪ್ರಾಯ. ‘ಗುಪ್’ ಎಂದರೆ ಕಾಯು. ಗ್ರೀಕ್ ಪಾಠ ಇದಕ್ಕೆ ‘ಎಂಕ್ರಾಟೇಯ’ ಎನ್ನುತ್ತದೆ; ‘ಕ್ರಾಟೋಸ್’ ಎಂದರೆ ಬಲ, ಒಡೆತನ. ನಾಲಗೆಯನ್ನು ಗೆದ್ದವನೇ ತನ್ನನ್ನು ಅತ್ಯಂತವಾಗಿ ಗೆದ್ದವನೆಂಬ ಭಾವವನ್ನು ಅದು ತರುತ್ತದೆ. ಕಾಯುವುದೂ ಗೆಲ್ಲುವುದೂ ಬೇರೆ. ಆದರೆ ಆ ಕಾವಲು, ಆ ಗೆಲುವು ನಡೆಯಬೇಕಾದ ಠಾವು ಒಂದೇ.

ಅಶೋಕನ ಕಾಲದಲ್ಲಿ ‘ಪಾಸಂಡ’ ಎಂದರೆ ಯಾವುದೇ ಮತಪಂಥ. ಅದರಲ್ಲಿ ನಿಂದೆ ಇರಲಿಲ್ಲ. ಗ್ರೀಕ್ ಅನುವಾದಕನೂ ಅದಕ್ಕೆ ತತ್ತ್ವಜ್ಞರ ಶಾಲೆಗಳಿಗೆ ಸಲ್ಲುವ ‘ದಿಯಾತ್ರಿಬೇ’ ಎಂಬ ಗೌರವದ ಪದವನ್ನೇ ಕೊಟ್ಟ. ಮುಂದೆ ಅದೇ ಶಬ್ದ ‘ಪಾಷಂಡಿ’ ಎಂಬ ಬೈಗುಳವಾಯಿತು. ಪರಮತವನ್ನು ಹಳಿಯುವ ನಾಲಗೆ ಶಬ್ದವನ್ನೇ ಕೆಡಿಸಿತು. ಶಾಸನ ಎಚ್ಚರಿಸಿದ್ದೂ ಇದನ್ನೇ: ತನ್ನ ಮತವನ್ನು ಹೊಗಳಲೆಂದು ಪರಮತವನ್ನು ತೆಗಳುವವನು ತನ್ನ ಮತಕ್ಕೇ ಹೆಚ್ಚಿನ ಹಾನಿ ಮಾಡುತ್ತಾನೆ.

ಈ ಹನ್ನೆರಡನೆಯ ಶಾಸನದ ಭಾಗ ಕರ್ನಾಟಕದಲ್ಲಿಯೂ, ಭೀಮಾ ತೀರದ ಸನ್ನತಿಯಲ್ಲಿ, ದೊರೆತಿದೆ. ಕಂದಹಾರದಿಂದ ಸನ್ನತಿಯವರೆಗೆ ಭಾಷೆ, ಲಿಪಿಗಳು ಬದಲಾದರೂ ಬೋಧೆ ಬದಲಾಗಲಿಲ್ಲ. ಬಸದಿಯ ಆಡಳಿತದ ಸಭೆಯಿರಲಿ, ಆಮ್ನಾಯಭೇದದ ಚರ್ಚೆಯಿರಲಿ, ಮಾತು ಕಟುವಾಗುವ ಗಳಿಗೆಯಲ್ಲಿ ತ್ರಿಗುಪ್ತಿಯ ಪಾಠ ನೆನಪಿಗೆ ಬಂದರೆ, ಧರ್ಮದ ಸಾರ ಅಷ್ಟರಮಟ್ಟಿಗೆ ವೃದ್ಧಿಯಾದಂತೆ.