ಅಟ್ಟದ ಮೇಲಿನ ಹಳೆಯ ಕಂಪ್ಯೂಟರಿನಲ್ಲಿ ಆಟ ಆಡಬಹುದೇ? ಫಾರ್ವರ್ಡ್ ಹೇಳದ ಸಂಗತಿಗಳು

"ಹಳೆಯ ಕಂಪ್ಯೂಟರ್ ಎಸೆಯಬೇಡಿ! ಟರ್ಬೋ ಬಟನ್ ಒತ್ತಿದರೆ ವೇಗ ಇಮ್ಮಡಿ. ಡೇವ್, ಡಿಗ್ಗರ್, ಪ್ರಿನ್ಸ್ ಸೇರಿ 500 ಆಟ ಉಚಿತ, ಲಿಂಕ್ ಒತ್ತಿ." ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮೊದಲ ವಾಕ್ಯ ಒಳ್ಳೆಯ ಸಲಹೆಯೇ. ಎರಡನೆಯದು ತಪ್ಪು. ಮೂರನೆಯದು ಅಪಾಯಕಾರಿಯೂ ಆಗಬಹುದು.

ಆಟಕ್ಕಿಂತ ಮೊದಲು ಬ್ಯಾಟರಿ

ನಮ್ಮ ಸೋದರಮಾವನ ಮನೆಯ ಅಟ್ಟದಲ್ಲಿ ಒಂದು 486 ಕಂಪ್ಯೂಟರ್ ಇತ್ತು. ನಾನು ವಾರವಿಡೀ ಆಟಗಳ ಪಟ್ಟಿ ಮಾಡಿಕೊಂಡು ಹೋದೆ. ಮುಚ್ಚಳ ತೆಗೆದರೆ ಮದರ್‌ಬೋರ್ಡಿನ ಒಂದು ಮೂಲೆ ಹಸಿರು ಪಾಚಿ ಕಟ್ಟಿದ ಹಾಗಿತ್ತು. ಆ ಕಾಲದ ಅನೇಕ ಬೋರ್ಡುಗಳಲ್ಲಿ ದಿನಾಂಕ, ಸಮಯ ಉಳಿಸಲು ಪೀಪಾಯಿ ಆಕಾರದ ಚಿಕ್ಕ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಿದ್ದರು. ವರ್ಷಗಳು ಕಳೆದಂತೆ ಅದು ಸೋರುತ್ತದೆ, ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಆ ಯಂತ್ರ ಮತ್ತೆ ಏಳಲಿಲ್ಲ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದರೆ, ಆಡುವ ಯೋಚನೆ ಇಲ್ಲದಿದ್ದರೂ ಪರವಾಗಿಲ್ಲ, ಬೆಸುಗೆ ಬಲ್ಲವರಿಂದ ಆ ಬ್ಯಾಟರಿಯನ್ನು ಇಂದೇ ತೆಗೆಸಿ. ಹಳೆಯ ಡಬ್ಬಾ ಮಾನಿಟರನ್ನು ಮಾತ್ರ ಬಿಚ್ಚಲು ಹೋಗಬೇಡಿ. ಅದರೊಳಗಿನ ಸಾವಿರಾರು ವೋಲ್ಟ್ ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಟರ್ಬೋ ಬಟನ್ ನಿಜಕ್ಕೂ ಏನು ಮಾಡುತ್ತದೆ?

ಹೆಸರೇ ಮೋಸ. ಟರ್ಬೋ ಎನ್ನುವುದು ಯಂತ್ರದ ಮಾಮೂಲಿ ವೇಗ. ಆ ಬಟನ್ ಇರುವುದು ಯಂತ್ರವನ್ನು ಬೇಕೆಂದೇ ನಿಧಾನ ಮಾಡುವುದಕ್ಕೆ.

ಕಾರಣ ಹೀಗಿದೆ. 1981ರಲ್ಲಿ ಬಂದ ಐಬಿಎಂ ಪಿಸಿಯ 8088 ಪ್ರೊಸೆಸರ್ 4.77 ಮೆಗಾಹರ್ಟ್ಜ್ ವೇಗದ್ದು. ಆಗ ಆಟ ಬರೆದ ಅನೇಕರು ಎಲ್ಲರ ಬಳಿಯೂ ಅದೇ ಯಂತ್ರ ಇರುತ್ತದೆ ಎಂದುಕೊಂಡಿದ್ದರು. ಕಣ್ಣಾಮುಚ್ಚಾಲೆಯಲ್ಲಿ ಗಡಿಯಾರ ನೋಡದೆ ಐವತ್ತರವರೆಗೆ ಎಣಿಸುತ್ತೇವಲ್ಲ, ಹಾಗೆಯೇ ಆಟದ ಪ್ರೋಗ್ರಾಂ ಕೂಡ ಸುಮ್ಮನೆ ಎಣಿಸಿ ಕಾಯುತ್ತಿತ್ತು. ಬೇಗ ಎಣಿಸುವವ ಬಂದರೆ ಅಡಗಿಕೊಳ್ಳಲು ಸಮಯವೇ ಸಿಗದು. ವೇಗದ ಪ್ರೊಸೆಸರ್ ಬಂದಾಗ ಆದದ್ದೂ ಇದೇ: ಶತ್ರುಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಓಡಿ, ಆಟ ಎರಡೇ ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಅದಕ್ಕಾಗಿಯೇ ತಯಾರಕರು ವೇಗ ತಗ್ಗಿಸುವ ಬಟನ್ ಕೊಟ್ಟರು. "ನಿಧಾನ" ಎಂದು ಬರೆದರೆ ಯಾರು ಕೊಳ್ಳುತ್ತಾರೆ?

ಹಾಗಾಗಿ ಹಳೆಯ ಪಿಸಿಗೆ ಆಟ ಹುಡುಕುವಾಗ "ಯಾವುದು ಚೆನ್ನಾಗಿದೆ" ಎನ್ನುವುದಕ್ಕಿಂತ "ನನ್ನ ಯಂತ್ರದ ಓರಗೆಯದ್ದು ಯಾವುದು" ಎಂದು ಕೇಳಬೇಕು.

ಯಂತ್ರಕ್ಕೆ ತಕ್ಕ ಆಟ

ನಿಮ್ಮದು 8088 ಯಂತ್ರವಾಗಿದ್ದು ಸಿಜಿಎ ಕಾರ್ಡ್ ಇದ್ದರೆ ಆಟದ ತೆರೆಯಲ್ಲಿ ಏಕಕಾಲಕ್ಕೆ ಕಾಣುವುದು ನಾಲ್ಕೇ ಬಣ್ಣ, ಅದೂ ಹೆಚ್ಚಾಗಿ ಕಪ್ಪು, ಬಿಳಿ, ತಿಳಿನೀಲಿ, ಕೆನ್ನೇರಳೆ. ಅದರಲ್ಲೂ ಮಜಾ ಇದೆ. ಪ್ಯಾರಾಟ್ರೂಪರ್ (1982) ಆಟದಲ್ಲಿ ಹೆಲಿಕಾಪ್ಟರಿನಿಂದ ಇಳಿಯುವ ಸೈನಿಕರನ್ನು ತಡೆಯಬೇಕು. ಒಂದೇ ಬದಿಯಲ್ಲಿ ನಾಲ್ವರು ಇಳಿದರೆ ಒಬ್ಬರ ಮೇಲೊಬ್ಬರು ಹತ್ತಿ ನಿಮ್ಮ ಫಿರಂಗಿ ಉಡಾಯಿಸುತ್ತಾರೆ. ಡಿಗ್ಗರ್ (1983) ಸುರಂಗ ಕೊರೆಯುವ ಆಟ. ಮೂಲ ಡಿಗ್ಗರ್ ವೇಗದ ಯಂತ್ರದಲ್ಲಿ ಹುಚ್ಚೆದ್ದು ಓಡುತ್ತದೆ. ಅಂಥ ಯಂತ್ರವಿದ್ದರೆ 1998ರಲ್ಲಿ ಮರುರೂಪಿಸಿದ ಡಿಗ್ಗರ್ ರಿಮಾಸ್ಟರ್ಡ್ ಹುಡುಕಿ.

ಒಂದೇ ಆಟ ಹೇಳಿ ಎಂದರೆ ನನ್ನ ಆಯ್ಕೆ ಆ್ಯಲಿ ಕ್ಯಾಟ್ (1984). ಬೀದಿ ಬೆಕ್ಕೊಂದು ಕಿಟಕಿ ಹಾರಿ ಮನೆಗಳಿಗೆ ನುಗ್ಗುತ್ತದೆ. ಒಂದು ಮನೆಯಲ್ಲಿ ಮೀನಿನ ತೊಟ್ಟಿ, ಇನ್ನೊಂದರಲ್ಲಿ ಮಲಗಿದ ನಾಯಿಗಳ ನಡುವೆ ಹಾಲು. ಆ ಕಾಲದಲ್ಲಿ ಅಪರೂಪವೆಂಬಂತೆ ಇದು ವೇಗದ ಯಂತ್ರದಲ್ಲೂ ಸರಿಯಾದ ಗತಿಯಲ್ಲೇ ನಡೆಯುತ್ತದೆ.

286 ಅಥವಾ 386 ಇದ್ದರೆ ಆಯ್ಕೆ ಹಿಗ್ಗುತ್ತದೆ. ಕಪ್ ಹುಡುಕಿ ಬಾಗಿಲು ದಾಟುವ ಡೇಂಜರಸ್ ಡೇವ್ ಅನ್ನು ಮುಂದೆ ಡೂಮ್ ತಂಡದಲ್ಲಿದ್ದ ಜಾನ್ ರೊಮೆರೊ ಮೊದಲು ಆ್ಯಪಲ್ 2 ಕಂಪ್ಯೂಟರಿಗೆ ಬರೆದಿದ್ದರು. ಪ್ರಿನ್ಸ್ ಆಫ್ ಪರ್ಷಿಯಾ ಕೂಡ 1989ರಲ್ಲಿ ಆ್ಯಪಲ್ 2ಗೆ ಬಂದು, ಮರುವರ್ಷ ಡಾಸ್‌ಗೆ ಬಂತು. ರಾಜಕುಮಾರ ಅಷ್ಟು ಸಹಜವಾಗಿ ಓಡಿ ಜಿಗಿಯುವುದೇಕೆಂದರೆ, ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡುವುದನ್ನು ವೀಡಿಯೊ ಮಾಡಿ ಅದರ ಮೇಲೆ ಚಿತ್ರ ಬರೆದಿದ್ದರು. ಕೈಪಿಡಿ ಇಲ್ಲದ ಮೂಲ ಪ್ರತಿ ಸಿಕ್ಕರೆ ಮೊದಲ ಹಂತ ದಾಟಿದ ಮೇಲೆ ಸಿಕ್ಕಿಬೀಳುತ್ತೀರಿ, ಅಲ್ಲಿ ಕೈಪಿಡಿ ನೋಡಿ ಅಕ್ಷರ ಆರಿಸಬೇಕು.

ಡೂಮ್‌ಗೆ (1993) ಕನಿಷ್ಠ 386 ಪ್ರೊಸೆಸರ್, 4 ಎಂಬಿ ಮೆಮೊರಿ, ವಿಜಿಎ ಬೇಕು. 386ರಲ್ಲಿ ಅದು ತೆವಳುತ್ತದೆ. ಎಫ್5 ಒತ್ತಿ ಚಿತ್ರದ ಗುಣಮಟ್ಟ ತಗ್ಗಿಸಿ, ಮೈನಸ್ ಕೀ ಒತ್ತಿ ಕಿಟಕಿ ಚಿಕ್ಕದು ಮಾಡಿಕೊಂಡರೆ ಆಡಬಹುದು. 486 ಆದರೆ ಸಲೀಸು.

"ಡೂಮ್ ಗರ್ಭ ಪರೀಕ್ಷೆಯ ಕಿಟ್‌ನಲ್ಲೂ ಓಡುತ್ತದೆ, ನಿಮ್ಮ ಪಿಸಿಯಲ್ಲಿ ಓಡದೇ?" ಎಂಬ ವಾದ ಬಂದರೆ ನಂಬಬೇಡಿ. 2020ರ ಆ ವೀಡಿಯೊದಲ್ಲಿ ಕಿಟ್‌ನದ್ದಾಗಿ ಉಳಿದಿದ್ದು ಹೊರಗಿನ ಪ್ಲಾಸ್ಟಿಕ್ ಕವಚ ಮಾತ್ರ. ಒಳಗಿನ ಚಿಪ್ ಮತ್ತು ತೆರೆ ಎರಡನ್ನೂ ಬದಲಿಸಲಾಗಿತ್ತು, ಅದನ್ನು ಮಾಡಿದ ಪ್ರೋಗ್ರಾಮರ್ ಕೂಡ ಇದನ್ನು ಮುಚ್ಚಿಟ್ಟಿರಲಿಲ್ಲ.

ಆ ಲಿಂಕ್ ಒತ್ತಬಹುದೇ?

ಬೇಡ. ಗುರುತಿಸುವುದು ಸುಲಭ. ಆ್ಯಲಿ ಕ್ಯಾಟ್, ಡಿಗ್ಗರ್ ಮುಂತಾದವು ಕೆಲವು ಹತ್ತು ಕೆಬಿಯ ಆಟಗಳು, ನೀವು ಕಳಿಸುವ ಗುಡ್ ಮಾರ್ನಿಂಗ್ ಚಿತ್ರಕ್ಕಿಂತಲೂ ಚಿಕ್ಕವು. ಅಂಥ ಒಂದೇ ಆಟಕ್ಕೆ 80 ಎಂಬಿ ಫೈಲ್ ಇಳಿದರೆ ಉಳಿದದ್ದು ಏನು ಎಂದು ಕೇಳಿಕೊಳ್ಳಿ. ಇಳಿದದ್ದು ಎಪಿಕೆ ಫೈಲ್ ಆಗಿದ್ದರಂತೂ ಅದು ಹಳೆಯ ಪಿಸಿಗೆ ಅಲ್ಲವೇ ಅಲ್ಲ, ನಿಮ್ಮ ಆಂಡ್ರಾಯ್ಡ್ ಫೋನಿಗೆ. ಮದುವೆ ಆಮಂತ್ರಣದ ಹೆಸರಿನಲ್ಲಿ ಬರುವ ಎಪಿಕೆಗಳು ಒಟಿಪಿ ಕದ್ದು ಹಣ ಲಪಟಾಯಿಸುವುದು ಇದೇ ದಾರಿಯಲ್ಲಿ.

"ಹಳೆಯದು, ಆದ್ದರಿಂದ ಉಚಿತ" ಎಂಬುದೂ ಸರಿಯಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ಅಂಗಡಿಯಲ್ಲಿ ಮಾರುವುದನ್ನು ನಿಲ್ಲಿಸಿದ ಮಾತ್ರಕ್ಕೆ ಹಕ್ಕು ಹೋಗದು. ಆದರೆ ಒಡೆಯರೇ ಉಚಿತವಾಗಿ ಬಿಟ್ಟ ಒಳ್ಳೆಯ ಆಟಗಳಿವೆ: ವಿಮಾನ ಹಾರಿಸಿ ಗುಂಡು ಹೊಡೆಯುವ ಟೈರಿಯನ್, ಕಥೆ ಪ್ರಧಾನವಾದ ಬಿನೀತ್ ಎ ಸ್ಟೀಲ್ ಸ್ಕೈ, ಎಲ್ಡರ್ ಸ್ಕ್ರೋಲ್ಸ್ ಸರಣಿಯ ಮೊದಲ ಆಟ ಅರೀನಾ. ಕಮಾಂಡರ್ ಕೀನ್, ವೂಲ್ಫೆನ್‌ಸ್ಟೈನ್ 3ಡಿ, ಡೂಮ್ ಮೂರರದ್ದೂ ಮೊದಲ ಕಂತನ್ನು ಹಂಚಲೆಂದೇ ಬಿಡುಗಡೆ ಮಾಡಲಾಗಿತ್ತು. ಹಳೆಯ ಪಿಸಿಗಾಗಿ ಹೊಸ ಆಟ ಬರೆಯುವವರೂ ಇದ್ದಾರೆ. ಪ್ಲಾನೆಟ್ ಎಕ್ಸ್3 2019ರಲ್ಲಿ ಬಂದದ್ದು, ಅದೂ 8088ರಲ್ಲಿ ಓಡುವಂತೆ!

ಫೈಲನ್ನು ಆ ಯಂತ್ರಕ್ಕೆ ದಾಟಿಸುವುದು ಇನ್ನೊಂದು ತಲೆನೋವು. ಫ್ಲಾಪಿ ಸಿಕ್ಕರೂ ಒಂದರಲ್ಲಿ ಹಿಡಿಸುವುದು 1.44 ಎಂಬಿ, ಡೂಮ್‌ನ ಮೊದಲ ಕಂತಿಗೇ ಎರಡು ಬೇಕು. ಹಳೆಯ ಕ್ಯಾಮೆರಾಗಳ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡನ್ನು ಅಗ್ಗದ ಅಡಾಪ್ಟರ್ ಮೂಲಕ ಐಡಿಇ ಕೇಬಲ್ಲಿಗೆ ಸಿಕ್ಕಿಸಿದರೆ, 386, 486 ಯಂತ್ರಗಳು ಅದನ್ನು ಹಾರ್ಡ್ ಡಿಸ್ಕ್ ಎಂದೇ ತಿಳಿಯುತ್ತವೆ. ಚಿಕ್ಕ ಕಾರ್ಡೇ ಸಾಕು, ಹಳೆಯ ಡಾಸ್ 2 ಜಿಬಿಗಿಂತ ದೊಡ್ಡ ವಿಭಾಗವನ್ನು ಬಳಸಲಾರದು.