ಸಿವಂಗಿಯ ನಾಶ ಮತ್ತು ಬಂಧವೆಂಬ ಅತಿಚಾರ

ಹೆಬಳೆ, ಭಟ್ಕಳ, ಹಾಡುವಳ್ಳಿಗಳ ಕಡೆಯವರಿಗೆ ಚಿರತೆಯ ಪರಿಚಯವುಂಟು, ಸಿವಂಗಿಯ ಪರಿಚಯವಿಲ್ಲ. ಸಿವಂಗಿಯೆಂದರೆ ಚೀತಾ. ಇವೆರಡನ್ನೂ ಒಂದೇ ಎಂದು ಭಾವಿಸುವವರು ಇಂದಿಗೂ ಇದ್ದಾರೆ. ಚಿರತೆ ಕಾಡಿನಲ್ಲಿ ಹೊಂಚುಹಾಕುವ ಪ್ರಾಣಿ. ಸಿವಂಗಿಯಾದರೋ ಘಟ್ಟದ ಮೇಲಣ ಬಯಲುಸೀಮೆಯಲ್ಲಿ ಕೃಷ್ಣಮೃಗಗಳನ್ನು ಬೆನ್ನಟ್ಟಿ ಬದುಕುತ್ತಿದ್ದ ಜೀವಿ.

ಒಂದು ಜೀವಜಾತಿ ಅಳಿದುದರ ಕಾರಣವನ್ನು ನಿರ್ಣಯಿಸುವುದು ಸುಲಭವಲ್ಲ. ಉತ್ತರದ ಹಿಮಪ್ರದೇಶಗಳ ರೋಮಾವೃತ ಮಹಾಗಜವಾದ ಮ್ಯಾಮತ್ ಸುಮಾರು 4,000 ವರ್ಷಗಳ ಹಿಂದೆ ರಾಂಗೆಲ್ ದ್ವೀಪದಲ್ಲಿ ಕೊನೆಗೊಂಡಿತು. ಹಿಮಯುಗ ಕಳೆದು ಮೇವು ಬದಲಾದುದು ಅದರ ನಾಶಕ್ಕೆ ಕಾರಣವೋ, ಮನುಷ್ಯನ ಭರ್ಜಿ ಕಾರಣವೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಸಿವಂಗಿಯ ವಿಷಯದಲ್ಲಿ ಮನುಷ್ಯನ ಹೊಣೆಯ ಬಗೆಗೆ ಸಂದೇಹಕ್ಕೆ ಎಡೆಯಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿಯೇ ಸಿವಂಗಿಯಿಂದ ಜಿಂಕೆಗಳನ್ನು ಬೇಟೆಯಾಡಿಸುವ ವಿನೋದದ ವರ್ಣನೆಯಿದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬಳಿಯೂ ಇಂಥ ಸಿವಂಗಿಗಳಿದ್ದವು. ಅಕ್ಬರನು ಸಾವಿರ ಸಿವಂಗಿಗಳನ್ನು ಕೂಡಿಹಾಕಿದ್ದನೆಂದು ಅವನ ಮಗ ಜಹಾಂಗೀರನೇ ಬರೆದಿದ್ದಾನೆ. (ಇದೇ ಅಕ್ಬರನು ಆಚಾರ್ಯ ಹೀರವಿಜಯಸೂರಿಗಳ ಉಪದೇಶದಿಂದ ಪಂಜರದ ಹಕ್ಕಿಗಳನ್ನು ಬಿಡಿಸಿದನು, ಪರ್ಯೂಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದನು.)

ಈ ಪ್ರಾಣಿಗಳನ್ನು ಯಾರೂ ಕೊಲ್ಲಲಿಲ್ಲ, ಪ್ರೀತಿಯಿಂದಲೇ ಸಾಕಿದರು ಎಂದು ಹೇಳುವುದುಂಟು. ಆದರೆ ಸಿವಂಗಿಯು ಸೆರೆಯಲ್ಲಿ ಮರಿ ಹಾಕುವುದು ಅತಿ ವಿರಳ. ಜಹಾಂಗೀರನ ಕಾಲದಲ್ಲಿ ಒಮ್ಮೆ ಮೂರು ಮರಿಗಳಾದುದು ಆಶ್ಚರ್ಯವೆಂದೇ ದಾಖಲಾಗಿದೆ. ಅನಂತರದ ದಾಖಲೆ 1956ರಲ್ಲಿ, ಅಮೆರಿಕದ ಫಿಲಡೆಲ್ಫಿಯ ಮೃಗಾಲಯದ್ದು. ತಾಯಿಯಿಂದ ಬೇಟೆಯನ್ನು ಕಲಿಯದ ಮರಿ ಅರಸರಿಗೆ ನಿರುಪಯುಕ್ತ. ಆದುದರಿಂದ ಬೆಳೆದ ಪ್ರಾಣಿಗಳನ್ನೇ ಹಿಡಿಯುತ್ತಿದ್ದರು. ಒಂದು ಸತ್ತರೆ ಕಾಡಿನಿಂದ ಇನ್ನೊಂದು ಬರಬೇಕು. ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ, ಬಡ್ಡಿಯೇ ಹುಟ್ಟದ ಖಾತೆಯಿಂದ ಶತಮಾನಗಳ ಕಾಲ ಅಸಲನ್ನು ತೆಗೆಯಲಾಯಿತು.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ವಧಕ್ಕಿಂತ ಮೊದಲು ಬಂಧವನ್ನು ಇಟ್ಟಿದ್ದಾರೆ. ಕಟ್ಟಿಹಾಕುವುದನ್ನು ಶ್ರಾವಕರು ಸಾಮಾನ್ಯವಾಗಿ ಚಿಕ್ಕ ದೋಷವೆಂದು ಎಣಿಸುತ್ತಾರೆ. ಸಿವಂಗಿಯ ಇತಿಹಾಸ ಆ ಎಣಿಕೆಯನ್ನು ಒಪ್ಪುವುದಿಲ್ಲ.

ಹುಲ್ಲುಗಾವಲುಗಳು ನೇಗಿಲಿಗೆ ಬಂದುದು, ಜಿಂಕೆಗಳು ಕ್ಷೀಣಿಸಿದುದು, ಆಂಗ್ಲರ ಕಾಲದ ಬಂದೂಕು ಮತ್ತು ಬಹುಮಾನಗಳು ಉಳಿದ ಕೆಲಸವನ್ನು ಮುಗಿಸಿದವು. 20ನೆಯ ಶತಮಾನದ ಮೊದಲರ್ಧದಲ್ಲಿ ಕೊಲ್ಲಾಪುರ, ಭಾವನಗರಗಳ ಅರಸರು ಆಫ್ರಿಕದಿಂದ ಸಿವಂಗಿಗಳನ್ನು ತರಿಸಿಕೊಳ್ಳಬೇಕಾಯಿತು. ಬೇಟೆಗೆ ಬೇಕಾದ ಪ್ರಾಣಿ ನಾಡಿನಲ್ಲಿ ಸಿಗದಿದ್ದಾಗಲೂ ಬೇಟೆಯನ್ನು ಬಿಡಲಿಲ್ಲವೆಂಬುದು ಗಮನಾರ್ಹ.

1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದ ಅರಸನು ಒಂದೇ ರಾತ್ರಿ ಮೂರು ಸಿವಂಗಿಗಳನ್ನು ಗುಂಡಿಕ್ಕಿ ಕೊಂದನು. 1952ರಲ್ಲಿ ಭಾರತ ಸರಕಾರ ಈ ಜಾತಿ ದೇಶದಲ್ಲಿ ಅಳಿಯಿತೆಂದು ಘೋಷಿಸಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯದಿಂದ ಎಂಟು ಸಿವಂಗಿಗಳನ್ನು ತಂದು ಮಧ್ಯಪ್ರದೇಶದ ಕುನೊ ಉದ್ಯಾನದಲ್ಲಿ ಬಿಡಲಾಯಿತು. ಅವು ಆಫ್ರಿಕದ ಉಪಜಾತಿಯವು. ಕೃಷ್ಣಮೃಗಗಳ ಹಿಂದೆ ಇಲ್ಲಿ ಓಡುತ್ತಿದ್ದ ಏಷ್ಯದ ಸಿವಂಗಿ ಈಗ ಇರಾನಿನಲ್ಲಿ ಮಾತ್ರ, ಬೆರಳೆಣಿಕೆಯಲ್ಲಿ ಉಳಿದಿದೆ.